ಡಾ. ಕಮಲಾ ಸೋಹೋನಿ: ಜೀವಕೋಶದ ಸಂದೇಶವನ್ನು ಅರಸಿದ ಬಾಳು

ಖಾನಾಪುರದ ಸಂತೆಯಿಂದ ತಂದ ಬಟಾಟೆಯನ್ನು ಕೊಯ್ದು ಹಾಗೆಯೇ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದರ ಮೈ ಕಂದುಬಣ್ಣಕ್ಕೆ ತಿರುಗುತ್ತದೆ. ಇದು ಅಡುಗೆಮನೆಯ ಅನುಭವವುಳ್ಳ ಎಲ್ಲರಿಗೂ ತಿಳಿದ ಸಂಗತಿ. ಹೋಳುಗಳನ್ನು ಒಡನೆಯೇ ನೀರಿನಲ್ಲಿ ಹಾಕಿಡುವ ರೂಢಿ ಬಂದುದೂ ಇದಕ್ಕಾಗಿಯೇ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಈ ಕಪ್ಪನ್ನು ಉಂಟುಮಾಡುವ ಕಿಣ್ವವೊಂದು ಗಡ್ಡೆಯಲ್ಲಿದೆ. ೧೯೩೦ರ ದಶಕದಲ್ಲಿ ಕೆಲವು ವಿಜ್ಞಾನಿಗಳು ಗಿಡಗಳ ಉಸಿರಾಟಕ್ಕೂ ಮುಖ್ಯವಾಗಿ ಈ ಕಿಣ್ವವೇ ಕಾರಣವೆಂದು ಭಾವಿಸಿದ್ದರು. ಹಾಗಾದರೆ ಪ್ರಾಣಿ ಉಸಿರಾಡುವ ಬಗೆ ಒಂದು, ಗಿಡ ಉಸಿರಾಡುವ ಬಗೆ ಇನ್ನೊಂದು ಎಂದಾಗುತ್ತಿತ್ತು. ಜೀವರಾಶಿಯ ಮೂಲದ ಏಕತೆಯ ಬಗ್ಗೆ ಸಂದೇಹಕ್ಕೆ ಎಡೆಯಾಗುತ್ತಿತ್ತು. ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ ಬಟಾಟೆಯನ್ನು ಅರೆದು, ಸೋಸಿ, ಪರೀಕ್ಷಿಸಿ, ಗಿಡದ ಜೀವಕೋಶದಲ್ಲಿಯೂ ಪ್ರಾಣಿಯ ಉಸಿರಾಟದ ಸಾಧನವೇ ದುಡಿಯುತ್ತಿದೆಯೆಂದು ತೋರಿಸಿಕೊಟ್ಟವರಲ್ಲಿ ಒಬ್ಬರು ಭಾರತದ ತರುಣಿ. ಅವರು ಆಗಿನ ಕುಮಾರಿ ಕಮಲಾ ಭಾಗವತ್, ಮುಂದೆ ಡಾ. ಕಮಲಾ ಸೋಹೋನಿ ಎಂದು ಹೆಸರಾದವರು.

ಅವರ ಜನನ ೧೯೧೧ರ ಜೂನ್ ೧೮ರಂದು ಇಂದೂರಿನಲ್ಲಿ. ತಂದೆ ನಾರಾಯಣರಾವ್ ಭಾಗವತ್ ಮತ್ತು ಚಿಕ್ಕಪ್ಪ ಮಾಧವರಾವ್ ಭಾಗವತ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಬೆಂಗಳೂರಿನಲ್ಲಿ ಜಮಶೇಟಜಿ ಟಾಟಾ ಅವರ ದಾನದಿಂದ ತಲೆಯೆತ್ತಿದ ಭಾರತೀಯ ವಿಜ್ಞಾನ ಮಂದಿರದ ಮೊದಮೊದಲ ವಿದ್ಯಾರ್ಥಿಗಳು. ಅಕ್ಕ ದುರ್ಗಾ ಭಾಗವತ್ ಮರಾಠಿಯ ಹೆಸರಾಂತ ಲೇಖಕಿಯಾದರು. ಮನೆಯ ಮಾತಿನಲ್ಲಿಯೇ ವಿಜ್ಞಾನವಿದ್ದ ಈ ಹುಡುಗಿ ೧೯೩೩ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿಯೂ ಭೌತಶಾಸ್ತ್ರವನ್ನು ಉಪವಿಷಯವಾಗಿಯೂ ಓದಿ ಅಗ್ರಸ್ಥಾನದಲ್ಲಿ ತೇರ್ಗಡೆಯಾದರು. ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಲಿಂಗರಾಜ ಕಾಲೇಜು ಬಾಗಿಲು ತೆರೆದುದು ಅದೇ ವರ್ಷ. ಆಗ ಈ ಜಿಲ್ಲೆ ಮುಂಬಯಿ ಪ್ರಾಂತದ ಭಾಗ. ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವವರೆಗೆ ಇಲ್ಲಿನ ತರುಣರೂ ಕಮಲಾ ಪದವಿ ಪಡೆದ ವಿಶ್ವವಿದ್ಯಾಲಯದ ಪರೀಕ್ಷೆಗಳಿಗೇ ಕೂರಬೇಕಾಗಿತ್ತು. ಪುಣೆಯಿಂದ ಬೆಳಗಾವಿ, ಖಾನಾಪುರ, ಲೋಂಡಾಗಳ ಮೇಲೆ ಬೆಂಗಳೂರಿಗೆ ಸಾಗುವ ರೈಲುಮಾರ್ಗ ಆ ಕಾಲದ ಎರಡು ವಿದ್ಯಾಕೇಂದ್ರಗಳನ್ನು ಬೆಸೆದಿದ್ದ ಎಳೆ. ಈ ಊರುಗಳು ಅದರ ನಡುವಿನ ಗಂಟುಗಳು.

ತಂದೆ, ಚಿಕ್ಕಪ್ಪಂದಿರು ಓದಿದ ಮಂದಿರದಲ್ಲಿಯೇ ಸಂಶೋಧನೆ ಮಾಡಬೇಕೆಂದು ಕಮಲಾ ಅರ್ಜಿ ಹಾಕಿದರು. ಆ ವರ್ಷವೇ ಅಲ್ಲಿನ ನಿರ್ದೇಶಕರಾಗಿ ಬಂದಿದ್ದವರು ಸರ್ ಸಿ. ವಿ. ರಾಮನ್. ನೊಬೆಲ್ ಪಾರಿತೋಷಕ ಪಡೆದು ಮೂರು ವರ್ಷಗಳಷ್ಟೇ ಕಳೆದಿದ್ದ ಮಹಾವಿಜ್ಞಾನಿ. ಅವರು ಅರ್ಜಿಯನ್ನು ತಿರಸ್ಕರಿಸಿದರು. ಅಂಕಗಳಲ್ಲಿ ಕೊರತೆಯಿರಲಿಲ್ಲ, ಅರ್ಜಿದಾರಳು ಹೆಣ್ಣು ಎಂಬುದೇ ಕಾರಣ. ತಂದೆ ಬರೆದು ಕೇಳಿದರೂ ಉತ್ತರ ಬದಲಾಗಲಿಲ್ಲ. ಆಗ ಕಮಲಾ ತಾವೇ ಬೆಂಗಳೂರಿಗೆ ಹೋಗಿ ನಿರ್ದೇಶಕರ ಎದುರು ನಿಂತು, ಪ್ರವೇಶ ಕೊಡದಿದ್ದರೆ ಅವರ ಕಚೇರಿಯ ಬಾಗಿಲಲ್ಲಿಯೇ ಸತ್ಯಾಗ್ರಹ ಹೂಡುವೆನೆಂದು ತಿಳಿಸಿದರು. ಉಪ್ಪಿನ ಸತ್ಯಾಗ್ರಹದ ಬಿಸಿ ಇನ್ನೂ ಆರದಿದ್ದ ದಿನಗಳು ಅವು. ಕೊನೆಗೆ ಪ್ರವೇಶ ದೊರೆಯಿತು, ಆದರೆ ನಿಬಂಧನೆಗಳೊಡನೆ. ಮೊದಲ ವರ್ಷ ಕ್ರಮಬದ್ಧ ವಿದ್ಯಾರ್ಥಿಯೆಂದು ಪರಿಗಣಿಸುವಂತಿಲ್ಲ. ಕೆಲಸದಿಂದ ನಿರ್ದೇಶಕರಿಗೆ ತೃಪ್ತಿಯಾದರೆ ಮಾತ್ರ ಮಾನ್ಯತೆ. ಮಾರ್ಗದರ್ಶಕರು ಹೇಳಿದರೆ ರಾತ್ರಿಯ ಹೊತ್ತಿನಲ್ಲಿಯೂ ದುಡಿಯಬೇಕು. ಪ್ರಯೋಗಾಲಯದ ಗಂಡಸರ ಚಿತ್ತ ಕೆಡಿಸುವಂತಿಲ್ಲ. ಕಮಲಾ ಈ ನಿಬಂಧನೆಗಳಿಗೆ ಒಪ್ಪಿದರು, ಆದರೆ ಅದನ್ನು ಅವಮಾನವೆಂದೇ ಎಣಿಸಿದರು. ದಶಕಗಳ ಅನಂತರ ಮಹಿಳಾ ವಿಜ್ಞಾನಿಗಳ ಸಭೆಯಲ್ಲಿ ಇದನ್ನು ಮರೆಮಾಚದೆ ಹೇಳಿದರು. ರಾಮನ್ ಅವರ ವಿಜ್ಞಾನದ ಹಿರಿಮೆ ಇದರಿಂದ ಕುಂದದು. ಆದರೆ ಹಿರಿಯರ ತಪ್ಪನ್ನು ಹಿರಿಮೆಯ ಹೊದಿಕೆಯಲ್ಲಿ ಮುಚ್ಚುವುದು ಜೀವನಚರಿತ್ರೆಯ ಧರ್ಮವಲ್ಲ. ಅಕ್ಕಮಹಾದೇವಿ ಅನುಭವ ಮಂಟಪದ ಬಾಗಿಲಲ್ಲಿ ಪ್ರಶ್ನೆಗಳನ್ನೆದುರಿಸಿ ಒಳಬಂದ ಕಥೆಯನ್ನು ಬಾಲ್ಯದಿಂದ ಕೇಳಿದ ಈ ಭಾಗದವರಿಗೆ ಕಮಲಾ ಅವರ ಆ ಒಂದು ವರ್ಷ ಎಂಥದೆಂದು ವಿವರಿಸಬೇಕಾಗಿಲ್ಲ.

ಮಂದಿರದಲ್ಲಿ ಅವರಿಗೆ ದೊರೆತ ಗುರು ಎಂ. ಶ್ರೀನಿವಾಸಯ್ಯ. ಶ್ರೀಗಂಧದ ಮರಕ್ಕೆ ಬರುವ ಸ್ಪೈಕ್ ರೋಗವನ್ನು ಕುರಿತು ದುಡಿದವರು. ಶಿಸ್ತಿನವರು, ಆದರೆ ಕಲಿಯುವವರಿಗೆ ಕೈಬಿಚ್ಚಿ ಕಲಿಸುವವರು. ಅವರ ಕೈಕೆಳಗೆ ಕಮಲಾ ಹಾಲಿನ ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿದರು. ಬಡವನ ಮಾಂಸವೆನಿಸಿದ ಬೇಳೆಯಲ್ಲಿ ಏನಿದೆ, ಎಷ್ಟಿದೆ ಎಂಬ ಪ್ರಶ್ನೆ ಅಂದು ಅವರಿಗೆ ಅಂಟಿತು, ಬಾಳಿನುದ್ದಕ್ಕೂ ಬಿಡಲಿಲ್ಲ. ವರ್ಷ ಕಳೆದ ಮೇಲೆ ನಿರ್ದೇಶಕರು ತೃಪ್ತರಾಗಿ ಕ್ರಮಬದ್ಧ ಪ್ರವೇಶ ಕೊಟ್ಟರು. ೧೯೩೬ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಎಂ.ಎಸ್‌ಸಿ. ಪದವಿ ವಿಶೇಷ ಯೋಗ್ಯತೆಯೊಡನೆ ಬಂತು. ಆ ಮೇಲೆ ಆ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಲಿಲ್ಲ. ರಾಮನ್ ಅವರ ಸ್ವಂತ ಪ್ರಯೋಗಾಲಯದಲ್ಲಿಯೇ ಅನ್ನಾ ಮಣಿ, ಲಲಿತಾ ದೊರೈಸ್ವಾಮಿ, ಸುನಂದಾ ಬಾಯಿ ಮುಂತಾದವರು ಕೆಲಸ ಮಾಡಿದರು.

ಮುಂದೆ ವಿದ್ಯಾರ್ಥಿವೇತನದ ಬಲದಿಂದ ೧೯೩೭ರಲ್ಲಿ ಕೇಂಬ್ರಿಜ್‌ಗೆ ಪಯಣ. ಅಲ್ಲಿನ ಜೀವರಸಾಯನ ವಿಭಾಗದ ಮುಖ್ಯಸ್ಥರು ಜೀವಸತ್ವಗಳ ಕೆಲಸಕ್ಕಾಗಿ ೧೯೨೯ರಲ್ಲಿ ನೊಬೆಲ್ ಪಡೆದಿದ್ದ ಸರ್ ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್. ಅವರ ಪ್ರಯೋಗಾಲಯ ಸ್ತ್ರೀಯರಿಗೆ ಮುಕ್ತವಾಗಿತ್ತು. ಜಾಗ ಮಾತ್ರ ಇರಲಿಲ್ಲ. ಆಗ ಡೆರೆಕ್ ರಿಕ್ಟರ್ ಎಂಬ ಸಂಶೋಧಕರು ತಮ್ಮ ಮೇಜನ್ನು ಹಗಲು ಹೊತ್ತು ಇವರಿಗೆ ಬಿಟ್ಟುಕೊಟ್ಟು, ತಾವು ರಾತ್ರಿಯಲ್ಲಿ ಕೆಲಸ ಮಾಡಲು ಮುಂದಾದರು. ಬೆಂಗಳೂರಿನಲ್ಲಿ ಹೆಣ್ಣಿಗೆ ರಾತ್ರಿಯ ನಿಬಂಧನೆ. ಕೇಂಬ್ರಿಜ್‌ನಲ್ಲಿ ಹೆಣ್ಣಿಗಾಗಿ ಗಂಡಸೊಬ್ಬರು ರಾತ್ರಿಯನ್ನು ತಾವಾಗಿ ಆಯ್ದುಕೊಂಡರು. ಆದರೆ ಕೇಂಬ್ರಿಜ್ ವಿಶ್ವವಿದ್ಯಾಲಯವೂ ೧೯೪೮ರವರೆಗೆ ಸ್ತ್ರೀಯರಿಗೆ ಪದವಿಯ ಹೆಸರನ್ನು ಕೊಡುತ್ತಿತ್ತೇ ಹೊರತು ಪೂರ್ಣ ಸದಸ್ಯತ್ವ ಕೊಡುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ರಿಕ್ಟರ್ ಅವರೊಡನೆ ಮತ್ತು ಜರ್ಮನಿಯಿಂದ ಆಶ್ರಯ ಅರಸಿ ಬಂದಿದ್ದ ಹರ್ಮನ್ ಬ್ಲಾಷ್ಕೊ ಅವರೊಡನೆ ಕೂಡಿ ಕಮಲಾ ಮಾಡಿದ ಕೆಲಸ ಅಡ್ರಿನಲಿನ್ ಎಂಬ ರಸಕ್ಕೆ ಸಂಬಂಧಿಸಿದುದು. ಭಯವಾದಾಗ ಎದೆ ಹೊಡೆದುಕೊಳ್ಳುವುದು ಈ ರಸದ ಪ್ರಭಾವ. ದೇಹದ ಒಂದೆಡೆಯ ಜೀವಕೋಶ ಇನ್ನೊಂದೆಡೆಯ ಜೀವಕೋಶಕ್ಕೆ ಕಳಿಸುವ ಸಂದೇಶವದು. ಆದರೆ ಸಂದೇಶ ಕಳಿಸುವುದಷ್ಟೇ ಸಾಲದು, ಅದು ಕೆಲಸ ಮುಗಿಸಿದೊಡನೆ ಅಳಿಯಲೂ ಬೇಕು. ಶಾಲೆಯ ಗಂಟೆ ಎಡೆಬಿಡದೆ ಬಾರಿಸುತ್ತಲೇ ಇದ್ದರೆ ಪಾಠ ಆರಂಭವಾಯಿತೋ ಮುಗಿಯಿತೋ ತಿಳಿಯುವುದೆಂತು? ಕರಿಹಲಗೆಯನ್ನು ಒರೆಸದೆ ಮುಂದಿನ ಪಾಠ ಬರೆಯುವುದೆಂತು? ಅಡ್ರಿನಲಿನ್ ಮತ್ತು ಅದರ ಬಂಧುಗಳಾದ ರಸಗಳನ್ನು ಒರೆಸಿಹಾಕುವ ಅಮೈನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಕುರಿತ ಈ ಮೂವರ ಪ್ರಬಂಧ ೧೯೩೯ರಲ್ಲಿ ಪ್ರಕಟವಾಯಿತು. ಅಂದು ಅದೊಂದು ಸಣ್ಣ ಕೆಲಸವೆಂದು ತೋರಿರಬಹುದು. ೧೯೫೦ರ ದಶಕದಲ್ಲಿ ಕ್ಷಯರೋಗಕ್ಕೆ ಕೊಡುತ್ತಿದ್ದ ಔಷಧವೊಂದು ರೋಗಿಗಳ ಮನಸ್ಸನ್ನು ಅರಳಿಸುವುದನ್ನು ವೈದ್ಯರು ಕಂಡರು. ಆ ಔಷಧ ತಡೆಯುತ್ತಿದ್ದುದು ಇದೇ ಕಿಣ್ವವನ್ನು. ಮನಸ್ಸಿನ ಖಿನ್ನತೆಗೆ ಮದ್ದು ಹುಡುಕುವ ದಾರಿಗಳಲ್ಲಿ ಒಂದು ಅಲ್ಲಿಂದ ತೆರೆಯಿತು.

ರಿಕ್ಟರ್ ಬೇರೆಡೆಗೆ ಹೋದ ಮೇಲೆ ಕಮಲಾ ಸಸ್ಯಗಳನ್ನು ಕುರಿತು ಸಂಶೋಧಿಸುತ್ತಿದ್ದ ರಾಬಿನ್ ಹಿಲ್ ಅವರ ಬಳಿ ಸೇರಿದರು. ಬಟಾಟೆ ಅವರ ಕೈಗೆ ಬಂದುದು ಇಲ್ಲಿ. ಸೈಟೋಕ್ರೋಮ್ ಎಂಬುದು ಜೀವಕೋಶದ ಬಣ್ಣದ ದ್ರವ್ಯ, ಕಬ್ಬಿಣವನ್ನು ಒಡಲಲ್ಲಿಟ್ಟುಕೊಂಡ ಪ್ರೋಟೀನು. ಆಹಾರದಿಂದ ಬಂದ ಇಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸಿ ಆಮ್ಲಜನಕದವರೆಗೆ ಮುಟ್ಟಿಸುವ ಸರಪಳಿಯ ಕೊಂಡಿ. ಐರ್ಲೆಂಡಿನ ವೈದ್ಯ ಮ್ಯಾಕ್‌ಮನ್ ೧೮೮೦ರ ದಶಕದಲ್ಲಿಯೇ ಇದರ ಸುಳಿವು ಕಂಡಿದ್ದ; ಆಗಿನ ದೊಡ್ಡ ಪಂಡಿತರೊಬ್ಬರು ಒಪ್ಪದ್ದರಿಂದ ಅದು ಮೂಲೆಗೆ ಬಿತ್ತು. ೧೯೨೫ರಲ್ಲಿ ಕೇಂಬ್ರಿಜ್‌ನ ಡೇವಿಡ್ ಕೀಲಿನ್ ಕೀಟಗಳ ಸ್ನಾಯು, ಯೀಸ್ಟ್ ಮುಂತಾದವುಗಳಲ್ಲಿ ಇದನ್ನು ಮತ್ತೆ ಕಂಡು ಹೆಸರಿಟ್ಟರು. ಗಿಡಗಳಲ್ಲಿಯೂ ಇದರ ಗುರುತುಗಳು ಕಂಡಿದ್ದುವು. ಆದರೆ ಹೂಬಿಡುವ ಗಿಡಗಳ ಉಸಿರಾಟದಲ್ಲಿ ಇದು ನಿಜವಾಗಿ ದುಡಿಯುತ್ತಿದೆಯೇ, ಅಥವಾ ಬಟಾಟೆಯನ್ನು ಕಪ್ಪಾಗಿಸುವ ಕಿಣ್ವವೇ ಯಜಮಾನನೇ ಎಂಬುದು ಬಗೆಹರಿದಿರಲಿಲ್ಲ. ಸಸ್ಯದ ಅಂಗಾಂಶಗಳಲ್ಲಿ ಸೈಟೋಕ್ರೋಮ್ ಸಿ ಇದೆ, ಅದನ್ನು ಆಮ್ಲಜನಕಕ್ಕೆ ಜೋಡಿಸುವ ಕಿಣ್ವವೂ ಇದೆ ಎಂದು ಕಮಲಾ ತೋರಿಸಿದರು. ಹಿಲ್ ಅವರೊಡನೆ ಬರೆದ ಕಿರು ವರದಿ ೧೯೩೯ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಹದಿನಾಲ್ಕು ತಿಂಗಳ ದುಡಿಮೆಯ ಫಲವಾದ ಅವರ ಮಹಾಪ್ರಬಂಧ ಕೇವಲ ೪೦ ಪುಟಗಳದು. ಪಿಎಚ್.ಡಿ. ಪ್ರಬಂಧವನ್ನು ತೂಕದಿಂದ ಅಳೆಯುವವರು ಇದನ್ನು ನೆನೆಯಬೇಕು. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಪ್ರಥಮ ಭಾರತೀಯ ಮಹಿಳೆಯೆಂದು ಅವರನ್ನು ಸಾಮಾನ್ಯವಾಗಿ ಕರೆಯುತ್ತಾರೆ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ೧೯೩೧ರಲ್ಲಿಯೇ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರ್ ಪದವಿ ಪಡೆದಿದ್ದರು. ಆ ಮೊದಲಿಗತನದ ಚರ್ಚೆಗಿಂತ ಆ ೪೦ ಪುಟಗಳಲ್ಲಿದ್ದುದೇ ಮುಖ್ಯ.

ಅದರ ಪೂರ್ಣ ಅರ್ಥ ಹೊರಬೀಳಲು ಮತ್ತೆ ಮೂರು ದಶಕಗಳು ಬೇಕಾದುವು. ಅದನ್ನು ತಿಳಿಯಲು ಬೆಳಗಾವಿಯವರಿಗೆ ಹತ್ತಿರದ ಒಂದು ನಿದರ್ಶನವಿದೆ. ಡಾ. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ವಚನಗಳ ತಾಳೆಗರಿಗಳನ್ನು ಕಲೆಹಾಕಿದರು. ಅವರ ವಚನಶಾಸ್ತ್ರಸಾರದ ಮೊದಲ ಭಾಗ ೧೯೨೩ರಲ್ಲಿ ಮುದ್ರಣಗೊಂಡುದು ಬೆಳಗಾವಿಯಲ್ಲಿ. ಕೈಬರಹದ ಪ್ರತಿಗಳಲ್ಲಿ ಒಬ್ಬ ಲಿಪಿಕಾರನ ಕೈತಪ್ಪು ಅವನ ಪ್ರತಿಯಿಂದ ನಕಲಾದ ಎಲ್ಲ ಪ್ರತಿಗಳಿಗೂ ಇಳಿಯುತ್ತದೆ. ಎರಡು ಪ್ರತಿಗಳಲ್ಲಿ ಒಂದೇ ತಪ್ಪಿದ್ದರೆ ಅವು ಒಂದೇ ತಾಯಿಪ್ರತಿಯ ಮಕ್ಕಳು. ಪಾಠಾಂತರಗಳು ಹೆಚ್ಚಿದಷ್ಟೂ ಕವಲು ಹಳೆಯದು. ಸಂಪಾದಕರು ಹೀಗೆ ಪ್ರತಿಗಳ ವಂಶವೃಕ್ಷವನ್ನು ಕಟ್ಟುತ್ತಾರೆ. ಜೀವಕೋಶದ ವಂಶವಾಹಿಯೂ ಒಂದು ಬರಹವೇ. ಪೀಳಿಗೆಯಿಂದ ಪೀಳಿಗೆಗೆ ಅದು ನಕಲಾಗುತ್ತದೆ, ನಕಲಿನಲ್ಲಿ ಅಪರೂಪಕ್ಕೊಮ್ಮೆ ತಪ್ಪುತ್ತದೆ. ಬಾಳನ್ನು ಕೆಡಿಸದ ತಪ್ಪು ಉಳಿದುಕೊಳ್ಳುತ್ತದೆ. ೧೯೬೧ರಲ್ಲಿ ಕುದುರೆಯ ಹೃದಯದ ಸೈಟೋಕ್ರೋಮ್ ಸಿ ಯಲ್ಲಿರುವ ೧೦೪ ಅಮೈನೋ ಆಮ್ಲಗಳ ಅನುಕ್ರಮವನ್ನು ವಿಜ್ಞಾನಿಗಳು ಓದಿ ಮುಗಿಸಿದರು. ಒಂದೊಂದೇ ಜೀವಿಯ ಪ್ರತಿ ಹೀಗೆ ಸಿಕ್ಕಿತು. ಮನುಷ್ಯನ ಮತ್ತು ಚಿಂಪಾಂಜಿಯ ಪ್ರತಿಯಲ್ಲಿ ಒಂದಕ್ಷರದ ವ್ಯತ್ಯಾಸವೂ ಇಲ್ಲ. ಕೆಂಪು ಮೋರೆಯ ಮಂಗಕ್ಕೂ ಮನುಷ್ಯನಿಗೂ ಒಂದು. ಕುದುರೆಗೂ ಮನುಷ್ಯನಿಗೂ ೧೨. ಯೀಸ್ಟಿಗೂ ಮನುಷ್ಯನಿಗೂ ೪೦ಕ್ಕೂ ಮಿಕ್ಕಿ. ೧೯೬೭ರಲ್ಲಿ ವಾಲ್ಟರ್ ಫಿಚ್ ಮತ್ತು ಇಮಾನ್ಯುಯೆಲ್ ಮಾರ್ಗೋಲಿಯಾಶ್ ೨೦ ಜೀವಿಗಳ ಪ್ರತಿಗಳನ್ನು ಹೋಲಿಸಿ ವಂಶವೃಕ್ಷ ಕಟ್ಟಿದಾಗ, ಎಲುಬು ಮತ್ತು ಕಲ್ಲಚ್ಚುಗಳನ್ನು ನೋಡಿ ಪಂಡಿತರು ಬರೆದಿದ್ದ ವೃಕ್ಷಕ್ಕೆ ಅದು ಬಹುಮಟ್ಟಿಗೆ ಹೊಂದಿತು. ಇಂಗ್ಲೆಂಡಿನ ಡರಮ್‌ನಲ್ಲಿ ಡೊನಾಲ್ಡ್ ಬೋಲ್ಟರ್ ಅವರ ಬಳಗ ಹೆಸರುಕಾಳು ಮೊದಲಾದ ಗಿಡಗಳ ಪ್ರತಿಗಳನ್ನೂ ಓದಿತು. ಗಿಡದಲ್ಲಿ ಈ ದ್ರವ್ಯವೇ ಇಲ್ಲದಿದ್ದರೆ ಹೆಸರುಕಾಳನ್ನೂ ಕುದುರೆಯನ್ನೂ ಒಂದೇ ಪುಟದಲ್ಲಿಟ್ಟು ಓದಲು ಸಾಧ್ಯವೇ ಇರಲಿಲ್ಲ.

ಈ ಬರಹದ ಹಿಂದೆ ಇನ್ನೂ ಹಳೆಯದೊಂದು ಸಂವಾದವಿದೆ. ಸೈಟೋಕ್ರೋಮ್ ಸಿ ವಾಸಿಸುವುದು ಜೀವಕೋಶದೊಳಗಿನ ಮೈಟೋಕಾಂಡ್ರಿಯ ಎಂಬ ಪುಟ್ಟ ಅಂಗದಲ್ಲಿ. ಈ ಅಂಗ ಒಂದು ಕಾಲಕ್ಕೆ ಸ್ವತಂತ್ರ ಸೂಕ್ಷ್ಮಜೀವಿಯಾಗಿದ್ದು, ಬೇರೊಂದು ಕೋಶದೊಳಗೆ ಅತಿಥಿಯಾಗಿ ಬಂದು ನೆಲೆಸಿತೆಂಬ ವಾದವನ್ನು ಲಿನ್ ಮಾರ್ಗುಲಿಸ್ ೧೯೬೭ರಲ್ಲಿ ಮಂಡಿಸಿದರು. ಇಂದು ಅದು ಒಪ್ಪಿತ ಸಂಗತಿ. ಅತಿಥಿ ಮತ್ತು ಮನೆಯೊಡೆಯ ಒಬ್ಬರಿಗೊಬ್ಬರು ಸಂದೇಶ ಕಳಿಸಲು ಕಲಿತುದರಿಂದಲೇ ಗಿಡ, ಪ್ರಾಣಿ, ಅಣಬೆಗಳ ಕೋಶ ಉಂಟಾಯಿತು. ೧೯೯೬ರಲ್ಲಿ ಶಾವೊಡೊಂಗ್ ವಾಂಗ್ ಅವರ ಬಳಗ ಅಮೆರಿಕದಲ್ಲಿ ಕಂಡುದು ಬೆರಗು ಹುಟ್ಟಿಸುವಂಥದು. ಉಸಿರಾಟದ ಈ ಸೇವಕ ತನ್ನ ಕೋಣೆಯಿಂದ ಹೊರಬಿದ್ದರೆ ಅದೇ ಕೋಶಕ್ಕೆ ಸಾಯುವ ಆಜ್ಞೆಯಾಗುತ್ತದೆ. ಆ ಆಜ್ಞೆಯಂತೆ ಕೋಶ ತನ್ನನ್ನು ತಾನೇ ಕ್ರಮವಾಗಿ ಬಿಚ್ಚಿಕೊಳ್ಳುತ್ತದೆ. ಖಾನಾಪುರದ ಕಾಡಿನಲ್ಲಿ ಮಳೆಗಾಲದ ಹೊಂಡಗಳಲ್ಲಿ ಗೊದಮೊಟ್ಟೆಯ ಬಾಲ ಕರಗಿ ಕಪ್ಪೆಯಾಗುವುದನ್ನು ಮಕ್ಕಳೆಲ್ಲ ನೋಡಿರುತ್ತಾರೆ. ಕೊರಳಿನ ಥೈರಾಯ್ಡ್ ಗ್ರಂಥಿಯ ರಸ ಸಾರಿದ ಸಂದೇಶವನ್ನು ಕೇಳಿ ಬಾಲದ ಕೋಶಗಳು ಸಾಯುತ್ತವೆ, ಅದೇ ಸಂದೇಶವನ್ನು ಕೇಳಿ ಕಾಲಿನ ಕೋಶಗಳು ಬೆಳೆಯುತ್ತವೆ. ಒಂಟಿಕೋಶದ ಜೀವಿಗಳಿಂದ ಬಹುಕೋಶದ ಜೀವಿಗಳು ವಿಕಾಸಗೊಂಡುದಕ್ಕೆ ಹೀಗೆ ಒಂದರ ಮಾತನ್ನು ಇನ್ನೊಂದು ಕೇಳುವ, ಸಾವಿನ ಆಜ್ಞೆಯನ್ನೂ ಕೇಳುವ ಶಿಸ್ತು ಬೇಕಾಯಿತು. ಆ ಶಿಸ್ತು ತಪ್ಪಿದ ಕೋಶಗಳ ಗುಂಪೇ ಅರ್ಬುದ ರೋಗ.

ಕಮಲಾ ೧೯೩೯ರಲ್ಲಿ ಸ್ವದೇಶಕ್ಕೆ ಮರಳಿದರು. ಗಾಂಧೀಜಿಯವರ ವಿಚಾರಗಳಿಗೆ ಮನಸೋತಿದ್ದ ಅವರಿಗೆ ಹೊರನಾಡಿನ ಸೌಕರ್ಯ ಹಿಡಿಸಲಿಲ್ಲ. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾಗಿ, ಅನಂತರ ಕೂನೂರಿನ ಪೋಷಣ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕಿಯಾಗಿ ಕೆಲಸ ಮಾಡಿದರು. ೧೯೪೭ರಲ್ಲಿ ಎಂ. ವಿ. ಸೋಹೋನಿಯವರನ್ನು ವಿವಾಹವಾಗಿ ಮುಂಬಯಿಗೆ ಬಂದು, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನವನ್ನು ಕಲಿಸತೊಡಗಿದರು.

ಅಲ್ಲಿ ಮತ್ತೆ ಬೇಳೆಕಾಳು. ಅವರೆ ಮುಂತಾದ ಕಾಳುಗಳನ್ನು ಹಸಿಯಾಗಿ ತಿಂದರೆ ಜೀರ್ಣವಾಗದು ಎಂಬುದು ಹಳ್ಳಿಯ ಅಜ್ಜಿಯರಿಗೂ ಗೊತ್ತು. ಕಾರಣವೇನೆಂದರೆ, ಪ್ರೋಟೀನನ್ನು ಕರಗಿಸುವ ಟ್ರಿಪ್ಸಿನ್ ಎಂಬ ನಮ್ಮ ಕರುಳಿನ ಕಿಣ್ವವನ್ನು ಕಟ್ಟಿಹಾಕುವ ದ್ರವ್ಯ ಕಾಳಿನಲ್ಲಿದೆ. ಕಮಲಾ ಮತ್ತು ಅವರ ಶಿಷ್ಯರು ಭಾರತದ ಆಹಾರಧಾನ್ಯಗಳಲ್ಲಿ ಇಂಥ ದ್ರವ್ಯಗಳನ್ನು ಹುಡುಕಿ, ಅವರೆಕಾಳಿನಿಂದ ಅದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ ೧೯೫೫ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಚೆನ್ನಾಗಿ ನೆನೆಸಿ ಬೇಯಿಸಿದರೆ ಇದರ ಬಲ ಬಹಳಷ್ಟು ಕುಗ್ಗುತ್ತದೆ. ಮಠಗಳ ಪ್ರಸಾದ ನಿಲಯಗಳಲ್ಲಿ ನೂರಾರು ಮಕ್ಕಳಿಗೆ ಕಾಳುಪಲ್ಯ ಬಡಿಸುವ ಕೈಗಳು ಅರಿತೋ ಅರಿಯದೆಯೋ ಈ ವಿಜ್ಞಾನವನ್ನು ಪಾಲಿಸುತ್ತಲೇ ಬಂದಿವೆ.

ಆದರೆ ಗಿಡ ಈ ದ್ರವ್ಯವನ್ನು ಏಕೆ ಮಾಡಿಕೊಳ್ಳುತ್ತದೆ? ಉತ್ತರದ ಒಂದು ಭಾಗ ೧೯೭೨ರಲ್ಲಿ ಸಿಕ್ಕಿತು. ಸಿಕ್ಕಿದುದು ಟೊಮೆಟೊ ಮತ್ತು ಬಟಾಟೆಯ ಗಿಡಗಳಲ್ಲಿ. ಒಂದು ಎಲೆಯನ್ನು ಹುಳು ಕಡಿದರೆ, ಕಡಿಯದ ಇತರ ಎಲೆಗಳಲ್ಲಿಯೂ ಇದೇ ಜಾತಿಯ ತಡೆದ್ರವ್ಯ ತುಂಬಿಕೊಳ್ಳುವುದನ್ನು ಅಮೆರಿಕದ ಗ್ರೀನ್ ಮತ್ತು ರಯಾನ್ ಕಂಡರು. ಹುಳುವಿನ ಹೊಟ್ಟೆಯಲ್ಲಿ ಎಲೆ ಅರಗದಂತೆ ಮಾಡುವ ಏರ್ಪಾಡು ಅದು. ನರಗಳಿಲ್ಲದ ಗಿಡದಲ್ಲಿ ಸುದ್ದಿ ಹೋದುದು ಹೇಗೆ? ೧೯೯೧ರಲ್ಲಿ ರಯಾನ್ ಅವರ ಬಳಗ ೧೮ ಅಮೈನೋ ಆಮ್ಲಗಳ ಚಿಕ್ಕದೊಂದು ಸಂದೇಶದ್ರವ್ಯವನ್ನು ಟೊಮೆಟೊ ಎಲೆಗಳಿಂದ ಬೇರ್ಪಡಿಸಿ ಸಿಸ್ಟೆಮಿನ್ ಎಂದು ಕರೆಯಿತು. ಹುಳು ಮತ್ತು ಗಿಡ ಕೋಟ್ಯಂತರ ವರ್ಷಗಳಿಂದ ಒಂದನ್ನೊಂದು ತಿದ್ದುತ್ತ ಬಂದಿವೆ. ಆ ಹೋರಾಟದಲ್ಲಿ ಗಿಡ ಹಿಡಿದ ಆಯುಧವನ್ನೇ ಕಮಲಾ ಅವರೆಕಾಳಿನಲ್ಲಿ ಹರಳುಗಟ್ಟಿಸಿದ್ದರು.

ಮುಂಬಯಿ ರಾಜ್ಯದಲ್ಲಿ ೧೯೪೯ರ ಪಾನನಿರೋಧ ಶಾಸನ ಬಂದಾಗ ತಾಳೆಯ ಮತ್ತು ಈಚಲಿನ ಹುಳಿಯದ ರಸವಾದ ನೀರಾ ಆಹಾರವಾಗಿ ಯೋಗ್ಯವೇ ಎಂಬ ಪ್ರಶ್ನೆ ಎದ್ದಿತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸೂಚನೆಯಂತೆ ಕಮಲಾ ಅದನ್ನು ಪರೀಕ್ಷಿಸಿದರು. ಅದರಲ್ಲಿ ಜೀವಸತ್ವಗಳೂ ಕಬ್ಬಿಣವೂ ಇವೆ, ಬೆಲ್ಲ ಮಾಡಿದರೂ ಬಹುಪಾಲು ಉಳಿಯುತ್ತವೆ, ಅರೆಹೊಟ್ಟೆಯ ಮಕ್ಕಳಿಗೂ ಗರ್ಭಿಣಿಯರಿಗೂ ಹಿತಕರ ಎಂದು ತೋರಿಸಿದರು. ಈ ಕೆಲಸಕ್ಕೆ ರಾಷ್ಟ್ರಪತಿಗಳ ಪ್ರಶಸ್ತಿ ಬಂತು. ಆರೇ ಹಾಲಿನ ಯೋಜನೆಗೂ ಅವರ ಸಲಹೆ ಸಂದಿತು. ಇಷ್ಟಾದರೂ ವಿಜ್ಞಾನ ಸಂಸ್ಥೆಯ ನಿರ್ದೇಶಕ ಪದವಿ ಅವರಿಗೆ ದೊರೆತುದು ನಾಲ್ಕು ವರ್ಷ ತಡವಾಗಿ. ಬೆಂಗಳೂರಿನ ಬಾಗಿಲು ಮುಂಬಯಿಯಲ್ಲಿಯೂ ಸ್ವಲ್ಪ ಬಿಗಿಯಾಗಿಯೇ ಇತ್ತೆನ್ನಬೇಕು.

ನಿವೃತ್ತಿಯ ಅನಂತರವೂ ಅವರು ಸುಮ್ಮನೆ ಕೂರಲಿಲ್ಲ. ೧೯೬೬ರಲ್ಲಿ ಮುಂಬಯಿಯಲ್ಲಿ ಒಂಬತ್ತು ಮಂದಿ ಮಹಿಳೆಯರು ಆರಂಭಿಸಿದ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ದುಡಿದರು. ೧೯೮೨-೮೩ರಲ್ಲಿ ಅದರ ಅಧ್ಯಕ್ಷೆಯಾದರು. ಕೇಂಬ್ರಿಜ್‌ನಲ್ಲಿ ಕಿಣ್ವಗಳನ್ನು ಅಳೆದ ಕೈಗಳು ಈಗ ಅಂಗಡಿಯ ಆಹಾರಪದಾರ್ಥಗಳ ಕಲಬೆರಕೆಯನ್ನು ಹಿಡಿಯತೊಡಗಿದುವು. ಸಂಘದ ಪತ್ರಿಕೆಯಾದ ಕೀಮತ್‌ನಲ್ಲಿ ಗೃಹಿಣಿಯರಿಗಾಗಿ ಲೇಖನಗ��ನ್ನು ಬರೆದರು. ಅವರ ಸಂಶೋಧನೆಯ ನೆನಪು ದೇಶದಲ್ಲಿ ಬಹುತೇಕ ಮಾಸಿಹೋಗಿತ್ತು. ಕೊನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅವರನ್ನು ದೆಹಲಿಗೆ ಕರೆಸಿ ಸತ್ಕರಿಸಿತು. ಆ ಸಮಾರಂಭದಲ್ಲಿಯೇ ಅವರು ಕುಸಿದರು. ಮತ್ತೆ ಚೇತರಿಸಿಕೊಳ್ಳದೆ ೧೯೯೮ರಲ್ಲಿ ನಿಧನರಾದರು.